ಕೈ ಚಾಚಿ ತೆಗೆಯಬೇಕು ಅನ್ನಿಸುವ ಚಿತ್ರ ಬರೆಯುವುದು ಹೇಗೆ

ಬಾಗಿಲ ಪಕ್ಕ ಗೋಡೆಗೆ ಒಂದು ಮರದ ಹಲಗೆ. ಅದರ ಮೇಲೆ ಅಡ್ಡಕ್ಕೆ ಬಿಗಿದ ಎರಡು ಬಟ್ಟೆ ಪಟ್ಟಿ. ಪಟ್ಟಿಯೊಳಗೆ ಸಿಕ್ಕಿಸಿದ ಮದುವೆ ಕಾಗದ, ಲೈಟ್ ಬಿಲ್ಲು, ಅವಧಿ ಮುಗಿದ ರೈಲ್ವೆ ಪಾಸು. ಕೆಳಗೊಂದು ಮೊಳೆ, ಮೊಳೆಗೆ ಬೀಗದ ಕೈ. ಬಂದವರು ಬೀಗದ ಕೈ ತೆಗೆಯಲು ಹೋಗಬೇಕು, ಬೆರಳಿಗೆ ಸಪಾಟಾದ ಬಣ್ಣ ಸಿಗಬೇಕು. ಇಷ್ಟೇ ಆಟ. ಯುರೋಪಿನಲ್ಲಿ ಟ್ರಾಂಪ್ ಲಾಯ್, ಅಂದರೆ ಕಣ್ಣಿಗೆ ಮೋಸ, ಎಂದು ಕರೆಯುವ ಈ ಬಗೆಯ ಚಿತ್ರವನ್ನು ಮುಂಬಯಿಯ ಸಣ್ಣ ಫ್ಲಾಟಿನಲ್ಲಿ, ಕೈಗೆ ಸಿಗುವ ಸಾಮಾನಿನಲ್ಲೇ ಮಾಡುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಒಂದು ಡಬ್ಬಿ, ಒಂದು ಲೋಟ ನೋಡಿ ಸುಮಾರಾಗಿ ಬಿಡಿಸಬಲ್ಲವರಿಗೆ ಇದು ಸಾಧ್ಯ.

ಮೊದಲೇ ಒಂದು ಮಾತು. ತುಂಬಾ ಜನ ಇದನ್ನು ಬರೀ ನಯದ ಕೆಲಸ ಅಂದುಕೊಂಡು ಸೂಜಿಮೊನೆಯಂಥ ಬ್ರಷ್ ಹಿಡಿದು ಕೂರುತ್ತಾರೆ. ಮದುವೆ ಕಾಗದದ ಮೇಲಿನ ಗಣಪತಿಯ ಸೊಂಡಿಲಿಗೇ ಒಂದು ಸಂಜೆ ಕೊಡುತ್ತಾರೆ, ಕೊನೆಗೆ ನೆರಳನ್ನು ಐದು ನಿಮಿಷದಲ್ಲಿ ಕಪ್ಪು ಬಳಿದು ಮುಗಿಸುತ್ತಾರೆ. ಚಿತ್ರ ಚೆಂದ ಇರುತ್ತದೆ, ಆದರೆ ಯಾರೂ ಮೋಸ ಹೋಗುವುದಿಲ್ಲ. ನಂಬಿಸುವ ಕೆಲಸವೆಲ್ಲ ಇರುವುದು ಕಾಗದದ ಅಂಚಿನ ಕೆಳಗೆ ಬಿದ್ದ ದಾರದಷ್ಟು ಸಣ್ಣ ನೆರಳಿನಲ್ಲಿ. ವಸ್ತುವಿನ ಆಯ್ಕೆ, ಅಳತೆ, ಬೆಳಕಿನ ದಿಕ್ಕು, ನೆರಳು ಸರಿಯಾದರೆ ಗಣಪತಿ ಸ್ವಲ್ಪ ಒರಟಾಗಿದ್ದರೂ ನಡೆಯುತ್ತದೆ.

ಯಾವ ವಸ್ತು, ಯಾವುದು ಬೇಡ

ಚಪ್ಪಟೆ ವಸ್ತುಗಳನ್ನೇ ಹುಡುಕಿ. ಕಾರಣ ಇದೆ. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 6.5 ಸೆಂಟಿಮೀಟರ್ ಅಂತರ. ಹಾಗಾಗಿ ಎದುರಿನ ವಸ್ತು ಎರಡೂ ಕಣ್ಣಿಗೆ ಚೂರು ಬೇರೆ ಬೇರೆಯಾಗಿ ಕಾಣುತ್ತದೆ, ಅದರಿಂದಲೇ ಮಿದುಳು ಆಳ ಅಳೆಯುತ್ತದೆ. ಜೊತೆಗೆ ನಾವು ತಲೆ ಅಲ್ಲಾಡಿಸಿದರೆ ಹತ್ತಿರದ ವಸ್ತು ದೂರದ ವಸ್ತುವಿನ ಮುಂದೆ ಸರಿದಂತೆ ಕಾಣಬೇಕು. ಚಿತ್ರದಲ್ಲಿ ಏನೂ ಸರಿಯುವುದಿಲ್ಲ. ಬುಟ್ಟಿ ತುಂಬಾ ಮಾವಿನ ಹಣ್ಣು ಬರೆದರೆ ಎಷ್ಟೇ ಚೆನ್ನಾಗಿ ಬರೆದರೂ ಎರಡು ಹೆಜ್ಜೆ ನಡೆದ ಕೂಡಲೇ ಗುಟ್ಟು ರಟ್ಟಾಗುತ್ತದೆ. ಗೋಡೆಗೆ ಅಂಟಿಕೊಂಡ ಕಾಗದಕ್ಕೆ ಹೇಗೂ ಆಳವಿಲ್ಲ, ಸರಿಯಬೇಕಾದ್ದೂ ಇಲ್ಲ. ನನ್ನ ಲೆಕ್ಕದಲ್ಲಿ ಹಲಗೆಯಿಂದ ಎರಡು ಮೂರು ಸೆಂಟಿಮೀಟರಿಗಿಂತ ಜಾಸ್ತಿ ಮುಂದೆ ಬರುವ ಯಾವುದೂ ಬೇಡ.

ಇದನ್ನು 17ನೇ ಶತಮಾನದ ಚಿತ್ರಕಾರರು ಚೆನ್ನಾಗಿ ತಿಳಿದಿದ್ದರು. ಡಚ್ಚರ ಸ್ಯಾಮುಯೆಲ್ ವಾನ್ ಹೂಗ್‌ಸ್ಟ್ರಾಟೆನ್, ಫ್ಲಾಂಡರ್ಸಿನ ಕಾರ್ನೀಲಿಯಸ್ ಗೈಸ್‌ಬ್ರೆಕ್ಟ್ಸ್ ಇಬ್ಬರೂ ಇಂಥ ಕಾಗದ ಸಿಕ್ಕಿಸಿದ ಹಲಗೆಗಳನ್ನೇ ಮತ್ತೆ ಮತ್ತೆ ಬರೆದರು. ಗೈಸ್‌ಬ್ರೆಕ್ಟ್ಸ್ ಅಂತೂ ಡೆನ್ಮಾರ್ಕಿನ ರಾಜರ ಆಸ್ಥಾನದಲ್ಲಿದ್ದಾಗ, 1670ರಲ್ಲಿ, ಇದನ್ನು ತುದಿಗೆ ಮುಟ್ಟಿಸಿದ. ಅವನು ಬರೆದದ್ದು ಒಂದು ಚಿತ್ರದ ಬೆನ್ನು. ಮರದ ಚೌಕಟ್ಟು, ಹಿಂಬದಿಯ ಕ್ಯಾನ್ವಾಸು, ಮೊಳೆಗಳು, 36 ಅಂತ ನಂಬರ್ ಬರೆದ ಒಂದು ಚೀಟಿ. ನೋಡಿದವರು ಮುಂಭಾಗ ನೋಡೋಣ ಅಂತ ತಿರುಗಿಸಿದರೆ ಅಲ್ಲಿ ಇರುವುದು ನಿಜವಾದ ಬೆನ್ನು! ಅದು ಈಗ ಕೋಪನ್‌ಹೇಗನ್ನಿನಲ್ಲಿರುವ ಡೆನ್ಮಾರ್ಕಿನ ರಾಷ್ಟ್ರೀಯ ಕಲಾ ಗ್ಯಾಲರಿಯಲ್ಲಿದೆ. ಅದರಲ್ಲಿ ಬರೆದ ಆಳ ಎಷ್ಟು ಅಂದರೆ ಒಂದು ಚೌಕಟ್ಟಿನ ದಪ್ಪ, ಅಷ್ಟೇ.

ಜೀವ ಇರುವುದನ್ನು ಬಿಡಿ. ಹಲ್ಲಿ, ಬೆಕ್ಕು, ಮನುಷ್ಯರ ಮುಖ ಎಲ್ಲವೂ ಅಲ್ಲಾಡಬೇಕು, ಅಲ್ಲಾಡದಿದ್ದರೆ ಸುಳ್ಳು ಅಂತ ಗೊತ್ತಾಗುತ್ತದೆ. ಕರೆಲ್ ಫ್ಯಾಬ್ರಿಟಿಯಸ್ 1654ರಲ್ಲಿ ಸರಪಳಿ ಕಟ್ಟಿದ ಪುಟ್ಟ ಹಕ್ಕಿಯೊಂದನ್ನು ಬರೆದು ಗೆದ್ದಿದ್ದಾನೆ, ಆದರೆ ಅವನ ಕೈ ನಮಗಿಲ್ಲ. ಹೂವೂ ಕಷ್ಟ. ಮಾಟುಂಗಾ ಮಾರ್ಕೆಟಿನ ಮಲ್ಲಿಗೆ ಮಾಲೆ ಮೊಳೆಗೆ ತೂಗಿದರೆ ಚೆಂದ ಕಾಣುತ್ತದೆ ಅನ್ನಿಸುವುದು ಸಹಜ, ಆದರೆ ವಾರವಾದರೂ ಬಾಡದ ಮಲ್ಲಿಗೆಯನ್ನು ಯಾರು ನಂಬುತ್ತಾರೆ? ಪ್ಲಾಸ್ಟಿಕ್ ಅಂದುಕೊಳ್ಳುತ್ತಾರೆ. ಅದಕ್ಕೆ ಅಷ್ಟು ಕಷ್ಟ ಪಡಬೇಕಾಗಿಲ್ಲ.

ವಸ್ತು ಪೂರ್ತಿ ಹಲಗೆಯ ಒಳಗಿರಬೇಕು. ಹಲಗೆಯ ಅಂಚಿನಲ್ಲಿ ಅರ್ಧ ಕತ್ತರಿಸಿದ ಕನ್ನಡಕ ಬರೆದರೆ ಇದು ಚಿತ್ರ ಅಂತ ನೀವೇ ಬೋರ್ಡ್ ಹಾಕಿದ ಹಾಗೆ. ಅಳತೆಯೂ ಅಷ್ಟೇ, ನಿಜದ ಅಳತೆ. ಅರ್ಧ ಇಂಚು ಹೆಚ್ಚಿಲ್ಲ, ಕಡಿಮೆಯಿಲ್ಲ.

ಇನ್ನೊಂದು, ಆ ವಸ್ತು ಆ ಜಾಗದಲ್ಲಿ ಇರುವುದು ಸಹಜ ಅನ್ನಿಸಬೇಕು. ರೋಮಿನ ಪ್ಲಿನಿ ಬರೆದಿಟ್ಟ ಹಳೆಯ ಕತೆಯಲ್ಲಿ ಗ್ರೀಸಿನ ಇಬ್ಬರು ಚಿತ್ರಕಾರರಿಗೆ ಪಂದ್ಯ. ಜ್ಯೂಕ್ಸಿಸ್ ಬರೆದ ದ್ರಾಕ್ಷಿಯನ್ನು ಹಕ್ಕಿಗಳು ಬಂದು ಕುಕ್ಕಿದವು, ಆದರೆ ಪಂದ್ಯ ಗೆದ್ದವನು ಪರ‍್ಹೇಸಿಯಸ್. ಅವನು ಬರೆದದ್ದು ಬರೀ ಒಂದು ಪರದೆ. ಪರದೆ ಸರಿಸಪ್ಪಾ, ಚಿತ್ರ ನೋಡೋಣ ಅಂದ ಜ್ಯೂಕ್ಸಿಸ್. ನನಗೆ ಇದರಲ್ಲಿ ಕಾಣುವುದು ಜಾಣತನದ ಆಯ್ಕೆ. ಚಿತ್ರದ ಮುಂದೆ ಪರದೆ ಇರುವುದು ಮಾಮೂಲು, ಪರದೆ ಚಪ್ಪಟೆ, ಹಾಗಾಗಿ ಅನುಮಾನವೇ ಬರಲಿಲ್ಲ. ನಮ್ಮ ಮನೆಗಳಲ್ಲಿ ಬೀಗದ ಕೈ, ಬಿಲ್ಲು, ಕಾಗದ ಇರುವುದು ಬಾಗಿಲ ಹತ್ತಿರ. ಹಲಗೆಯೂ ಅಲ್ಲಿಗೇ ಬರಲಿ.

ಮುಂಬಯಿಯ ಕನ್ನಡದ ಮನೆಯಲ್ಲಿ ಇದಕ್ಕೆ ಸಾಮಾನಿಗೆ ಬರವಿಲ್ಲ. ಮೂಲೆಗೆ ಅರಿಶಿನ ಹಚ್ಚಿದ ಮದುವೆ ಕಾಗದ ಬಹಳ ಒಳ್ಳೆಯದು, ಆ ಹಳದಿ ಕಲೆಯೇ ಯಾರೋ ಕೈಯಾರೆ ಹಚ್ಚಿದ್ದಾರೆ ಅನ್ನುವ ನಂಬಿಕೆ ಹುಟ್ಟಿಸುತ್ತದೆ. ಊರಿಂದ ಬಂದಿದ್ದ ನೀಲಿ ಇನ್‌ಲ್ಯಾಂಡ್ ಲೆಟರ್, ಅದರ ಹರಿದ ಅಂಚು. ಕಂಡಕ್ಟರು ತೂತು ಹೊಡೆದ ಬೆಸ್ಟ್ ಬಸ್ಸಿನ ಹಳೆಯ ಟಿಕೆಟ್. ಉಡುಪಿ ಹೋಟೆಲಿನ ಬಿಲ್ಲು. ಇಲ್ಲಿಯ ಕನ್ನಡ ಪೇಪರಿನಿಂದ ಕತ್ತರಿಸಿಟ್ಟ, ಯಾರದೋ ಮಗಳ ರ‍್ಯಾಂಕ್ ಸುದ್ದಿ. ಇವು ಸಾಲದಿದ್ದರೆ ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಒಂದು ಸುತ್ತು ಹಾಕಿ, ತುಕ್ಕು ಹಿಡಿದ ಬೀಗ, ಹಳೆ ಕನ್ನಡಕ, ಹಿತ್ತಾಳೆ ಬೀಗದ ಕೈ ಎಲ್ಲ ಸಿಗುತ್ತವೆ. ಸುಮ್ನೆ ಹತ್ತು ವಸ್ತು ತುಂಬಬೇಡಿ. ಮೊದಲ ಹಲಗೆಗೆ ಮೂರು ಕಾಗದ, ಒಂದು ಲೋಹದ ವಸ್ತು ಸಾಕು. ಸ್ಟೀಲ್ ಲೋಟ ಖಂಡಿತ ಬೇಡ. ಅದರಲ್ಲಿ ನಿಮ್ಮ ಮುಖ, ಕಿಟಕಿ, ಫ್ಯಾನು ಎಲ್ಲ ಕಾಣುತ್ತದೆ, ನೋಡುವವರ ಮುಖ ಮಾತ್ರ ಕಾಣುವುದಿಲ್ಲ.

ನೋಟು ಬರೆಯುವ ಆಸೆ ಎಲ್ಲರಿಗೂ ಬರುತ್ತದೆ. ಅಮೆರಿಕದ ವಿಲಿಯಂ ಹಾರ್ನೆಟ್ ಐದು ಡಾಲರಿನ ನೋಟನ್ನು ಎಷ್ಟು ಚೆನ್ನಾಗಿ ಬರೆದಿದ್ದ ಅಂದರೆ 1886ರಲ್ಲಿ ಸರ್ಕಾರದ ಸೀಕ್ರೆಟ್ ಸರ್ವಿಸ್‌ನವರು ಬಂದು ವಿಚಾರಣೆ ಮಾಡಿದರು. ಅವನು ಆಮೇಲೆ ನೋಟಿನ ಸಹವಾಸ ಬಿಟ್ಟ. ನಮ್ಮ ದೇಶದಲ್ಲೂ ನೋಟಿನಂತೆ ಕಾಣುವ ಕಾಗದ ತಯಾರಿಸುವುದು ಕಾನೂನಿಗೆ ವಿರುದ್ಧ. ಬಸ್ ಟಿಕೆಟ್ಟೇ ಇರಲಿ.

ಮೊದಲು ಗೋಡೆ, ಆಮೇಲೆ ಬಣ್ಣ

ಚಿತ್ರ ಮುಗಿದ ಮೇಲೆ ಎಲ್ಲಿ ತೂಗುಹಾಕೋಣ ಅಂತ ಯೋಚಿಸುವುದು ಬೇರೆ ಚಿತ್ರಗಳಿಗೆ ಸರಿ, ಇದಕ್ಕಲ್ಲ. ಮೊದಲು ಗೋಡೆ ಗೊತ್ತು ಮಾಡಿ. ಅಲ್ಲಿ ನಿಂತು ನೋಡಿ, ಕಿಟಕಿ ಎಡಕ್ಕಿದೆಯೋ ಬಲಕ್ಕಿದೆಯೋ, ರಾತ್ರಿ ಟ್ಯೂಬ್‌ಲೈಟ್ ಎಲ್ಲಿಂದ ಬೀಳುತ್ತದೆ. ಬೆಳಕು ಎಡದಿಂದ ಬರುವ ಗೋಡೆಯಲ್ಲಿ ಬಲದ ಬೆಳಕಿನ ಚಿತ್ರ ಹಾಕಿದರೆ, ನೋಡುವವರಿಗೆ ಯಾಕೆ ಅಂತ ಹೇಳಲು ಬಾರದಿದ್ದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ. ಹಲಗೆಯ ದಪ್ಪಕ್ಕೆ ಗೋಡೆ ಮೇಲೆ ನಿಜವಾದ ನೆರಳು ಬೀಳುತ್ತದಲ್ವಾ? ನೀವು ಬರೆದ ನೆರಳೂ ಅದೇ ದಿಕ್ಕಿಗೆ ಬೀಳಬೇಕು. ಎರಡೂ ಜೊತೆಯಾದರೆ ಅರ್ಧ ಕೆಲಸ ಗೋಡೆಯೇ ಮಾಡಿಕೊಡುತ್ತದೆ.

ಹಲಗೆ ಬೇಡ, ನೇರ ಗೋಡೆಗೇ ಬರೆಯುತ್ತೇನೆ ಅನ್ನುವವರು ಸ್ವಂತ ಮನೆಯಲ್ಲಿದ್ದರೆ ಬರೆಯಿರಿ. ಹನ್ನೊಂದು ತಿಂಗಳ ಅಗ್ರಿಮೆಂಟಿನವರು ಡಿಪಾಸಿಟ್ಟನ್ನು ಒಮ್ಮೆ ನೆನಪು ಮಾಡಿಕೊಳ್ಳಿ.

ಹಲಗೆ ತಯಾರಿ ಸುಲಭ. ನಮ್ಮ ಬಿಲ್ಡಿಂಗುಗಳಲ್ಲಿ ವರ್ಷವಿಡೀ ಯಾರದಾದರೂ ಮನೆಯಲ್ಲಿ ಫರ್ನಿಚರ್ ಕೆಲಸ ನಡೆಯುತ್ತಲೇ ಇರುತ್ತದೆ, ಬಡಗಿಯನ್ನು ಕೇಳಿದರೆ ಪ್ಲೈವುಡ್ಡಿನ ತುಂಡು ಸಿಗುತ್ತದೆ. 9 ಅಥವಾ 12 ಮಿಲಿಮೀಟರ್ ದಪ್ಪ, ಸುಮಾರು 12ಕ್ಕೆ 18 ಇಂಚು. ಒಂದೇ ಅಳತೆಯ ಎರಡು ತುಂಡು ಕೇಳಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ಮರದ ಪುಡಿ ಒತ್ತಿ ಮಾಡಿದ ಎಂಡಿಎಫ್ ಹಲಗೆ ಇನ್ನೂ ಸಪಾಟು, ಆದರೆ ಇಲ್ಲಿಯ ಮಳೆಗಾಲದ ಹಸಿಗೆ ಅಂಚಿನಲ್ಲಿ ಉಬ್ಬುತ್ತದೆ. ಯಾವುದೇ ಆದರೂ ಮುಂದೆ, ಹಿಂದೆ, ನಾಲ್ಕೂ ಅಂಚಿಗೆ ಪ್ರೈಮರ್ ಹಚ್ಚಬೇಕು. ಒಂದೇ ಬದಿಗೆ ಹಚ್ಚಿದರೆ ಹಲಗೆ ಬಾಗುತ್ತದೆ, ಬಾಗಿದ ಹಲಗೆಯಲ್ಲಿ ಈ ಆಟ ನಡೆಯುವುದಿಲ್ಲ. ಮುಂಭಾಗಕ್ಕೆ ಜೆಸ್ಸೊ, ಅಂದರೆ ಚಿತ್ರದ ಬಣ್ಣಕ್ಕೆ ಅಡಿಯಲ್ಲಿ ಹಚ್ಚುವ ಬಿಳಿ ಬಣ್ಣ, ಮೂರು ನಾಲ್ಕು ಕೋಟು. ಪ್ರತಿ ಕೋಟು ಒಣಗಿದ ಮೇಲೆ 220 ನಂಬರಿನ ಪಾಲಿಶ್ ಪೇಪರಿನಲ್ಲಿ ತಿಕ್ಕಿ, ಕೊನೆಗೆ 400. ಬೆರಳಾಡಿಸಿದರೆ ಬ್ರಷ್ಷಿನ ಗೆರೆ ತಾಗಬಾರದು. ಕ್ಯಾನ್ವಾಸ್ ಬೇಡ ಅನ್ನುವುದೂ ಇದಕ್ಕೇ, ಬಟ್ಟೆಯ ನೇಯ್ಗೆ ಕಂಡರೆ ಅದು ಚಿತ್ರ ಅಂತ ಗೊತ್ತಾಗುತ್ತದೆ.

ಎಣ್ಣೆ ಬಣ್ಣವೋ, ನೀರಿನಲ್ಲಿ ಕಲಸುವ ಅಕ್ರಿಲಿಕ್ಕೋ? ಹಳಬರೆಲ್ಲ ಎಣ್ಣೆ ಬಣ್ಣದಲ್ಲೇ ಮಾಡಿದ್ದು. ನೆರಳಿನ ಅಂಚನ್ನು ಮೆತ್ತಗೆ ಮಾಡಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ಒಂದು ರೂಮು ಕಿಚನ್ನಿನಲ್ಲಿ ಟರ್ಪೆಂಟೈನ್ ವಾಸನೆ, ದಿನಗಟ್ಟಲೆ ಒಣಗದ ಹಲಗೆ, ಓಡಾಡುವ ಮಕ್ಕಳು... ಅಕ್ರಿಲಿಕ್‌ನಿಂದ ಶುರು ಮಾಡಿ. ಪೂರ್ತಿ ಅಕ್ರಿಲಿಕ್‌ನಲ್ಲಿ ಮುಗಿಸಿ, ಬೇಕಿದ್ದರೆ ಕೊನೆಯ ನೆರಳುಗಳನ್ನು ಮಾತ್ರ ಎಣ್ಣೆ ಬಣ್ಣದಲ್ಲಿ ಹಚ್ಚಬಹುದು. ಅಕ್ರಿಲಿಕ್ ಮೇಲೆ ಎಣ್ಣೆ ನಿಲ್ಲುತ್ತದೆ, ಎಣ್ಣೆಯ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ. ಇದನ್ನು ಮರೆಯಬೇಡಿ.

ಬಣ್ಣ ಕಡಿಮೆ ಸಾಕು. ಟೈಟಾನಿಯಂ ವೈಟ್, ಯೆಲ್ಲೊ ಓಕರ್, ಬರ್ನ್ಟ್ ಸಿಯೆನ್ನ, ರಾ ಅಂಬರ್, ಬರ್ನ್ಟ್ ಅಂಬರ್, ಅಲ್ಟ್ರಾಮರೀನ್ ಬ್ಲೂ, ಒಂದು ಕ್ರಿಮ್ಸನ್. ಕಪ್ಪು ಬಣ್ಣದ ಟ್ಯೂಬ್ ತರಲೇಬೇಡಿ. ಇಂಚಿನ ಒಂದು ಚಪ್ಪಟೆ ಬ್ರಷ್, ಅರ್ಧ ಇಂಚಿನದೊಂದು, 4 ಮತ್ತು 2 ನಂಬರಿನ ದುಂಡು ಬ್ರಷ್, ಉದ್ದ ಕೂದಲಿನ ಒಂದು ಲೈನರ್. ಸಿಂಥೆಟಿಕ್ ಆದರೆ ಸಾಕು. ಬಣ್ಣವನ್ನು ಪಾರದರ್ಶಕವಾಗಿ ತೆಳು ಮಾಡುವ ಗ್ಲೇಜಿಂಗ್ ಮೀಡಿಯಂ ಒಂದು ಬಾಟಲಿ ಮಾತ್ರ ಬೇಕೇ ಬೇಕು.

ಜೋಡಿ ಹಲಗೆ

ಎರಡನೇ ತುಂಡು ಇದಕ್ಕೆ. ಅದರ ಮೇಲೆ ನಿಜವಾದ ವಸ್ತುಗಳನ್ನು ಜೋಡಿಸಿ. ಲಾಡಿ ಪಟ್ಟಿಯನ್ನು ಬಿಗಿದು ಮೊಳೆ ಹೊಡೆಯಿರಿ, ಕಾಗದ ಸಿಕ್ಕಿಸಿ, ಬೀಗದ ಕೈ ತೂಗುಹಾಕಿ. ಆಮೇಲೆ ಎರಡೂ ಹಲಗೆಗಳನ್ನು ಪಕ್ಕ ಪಕ್ಕ, ಒಂದೇ ಎತ್ತರಕ್ಕೆ, ನಿಂತ ಹಾಗೆ ಇಡಿ. ಮಲಗಿಸಿ ಇಟ್ಟರೆ ಬೀಗದ ಕೈ ತೂಗುವ ರೀತಿಯೇ ಬೇರೆ, ನೆರಳೂ ಬೇರೆ. ನೀವು ಕೂತ ಕಡೆಯಿಂದ ಕಣ್ಣು ಆಚೆ ಈಚೆ ಹೊರಳಿಸಿದರೆ ನಿಜ ಮತ್ತು ಚಿತ್ರ ಎರಡೂ ಒಂದೇ ಅಳತೆಯಲ್ಲಿ ಕಾಣಬೇಕು. ಈ ವಿಧಾನದ ಲಾಭ ಏನೆಂದರೆ ಲೆಕ್ಕ ಹಾಕುವ ಕೆಲಸವೇ ಇಲ್ಲ, ನೋಡುವುದು ಮಾತ್ರ.

ವಸ್ತು ಜೋಡಿಸುವುದಕ್ಕೆ ಸಮಯ ಕೊಡಿ. ಎಲ್ಲವನ್ನೂ ನೇರ ಇಟ್ಟರೆ ಅಂಗಡಿಯ ಶೋಕೇಸ್ ಆಗುತ್ತದೆ. ಒಂದು ಕಾಗದ ಚೂರು ಓರೆ, ಇನ್ನೊಂದರ ಮೂಲೆ ಮುಂದಕ್ಕೆ ಮಡಚಿದ್ದು, ಟಿಕೆಟ್ಟು ಮದುವೆ ಕಾಗದದ ಮೇಲೆ ಅರ್ಧ ಹತ್ತಿದ್ದು. ಒಂದರ ಮೇಲೊಂದು ಬಂದಷ್ಟೂ ಒಳ್ಳೆಯದು, ಯಾಕೆಂದರೆ ಅಲ್ಲೆಲ್ಲ ನೆರಳು ಹುಟ್ಟುತ್ತದೆ.

ಬೆಳಕು ಒಂದೇ ಇರಲಿ. ಮುಂಬಯಿ ಮನೆಯ ಕಿಟಕಿಯಲ್ಲಿ ಗ್ರಿಲ್ಲು, ಗ್ರಿಲ್ಲಿನ ಆಚೆ ಒಣಗಿಸಿದ ಬಟ್ಟೆ, ಅದರಾಚೆ ಎದುರು ಬಿಲ್ಡಿಂಗಿನ ಗೋಡೆ. ಅಲ್ಲಿಂದ ಬರುವ ಬೆಳಕು ಗಂಟೆಗೊಮ್ಮೆ ಬದಲಾಗುತ್ತದೆ. ಅದಕ್ಕಿಂತ ಕಿಟಕಿ ಮುಚ್ಚಿ, ಟ್ಯೂಬ್ ಆರಿಸಿ, ಒಂದು ಎಲ್‌ಇಡಿ ಟೇಬಲ್ ಲ್ಯಾಂಪನ್ನು ಕಿಟಕಿಯ ದಿಕ್ಕಿನಿಂದಲೇ ಮೇಲಿನಿಂದ 45 ಡಿಗ್ರಿ ಓರೆಯಾಗಿ ಬಿಡಿ. ಲ್ಯಾಂಪಿನ ಕಾಲಿನ ಜಾಗಕ್ಕೆ ನೆಲದಲ್ಲಿ ಟೇಪ್ ಅಂಟಿಸಿ ಗುರುತು ಮಾಡಿ. ನಾಳೆ ಕಸ ಗುಡಿಸುವಾಗ ಅದು ಸರಿದೇ ಸರಿಯುತ್ತದೆ. ಚಿತ್ರ ಬರೆಯುವ ಹಲಗೆಗೆ ಬೇರೆ ಬೆಳಕು ಬೇಕಾದರೆ ನಡುವೆ ಒಂದು ರಟ್ಟು ನಿಲ್ಲಿಸಿ, ಆ ಬೆಳಕು ವಸ್ತುಗಳ ಮೇಲೆ ಬೀಳದಿರಲಿ.

ಫೋನಿನ ಫೋಟೊ ನೋಡಿ ಬರೆಯಬಹುದಾ ಅಂತ ಎಲ್ಲರೂ ಕೇಳುತ್ತಾರೆ. ನೆನಪಿಗೆ ಒಂದು ತೆಗೆದಿಡಿ, ಅದೂ ದೂರ ನಿಂತು ಜೂಮ್ ಮಾಡಿ, ಇಲ್ಲದಿದ್ದರೆ ಅಂಚಿನ ವಸ್ತುಗಳು ಸೊಟ್ಟ ಬರುತ್ತವೆ. ಆದರೆ ಫೋನು ನೆರಳನ್ನು ಒಂದೋ ಪೂರ್ತಿ ಕಪ್ಪು ಮಾಡುತ್ತದೆ, ಇಲ್ಲವೇ ತಾನೇ ಬೆಳಕು ತುಂಬಿ ಅಳಿಸುತ್ತದೆ. ನಮಗೆ ಮುಖ್ಯವಾದದ್ದೇ ಅದು, ಅದನ್ನೇ ಕಳೆದುಕೊಂಡರೆ ಹೇಗೆ?

ಅಚ್ಚು ತೆಗೆಯಲು ಟ್ರೇಸಿಂಗ್ ಪೇಪರನ್ನು ಕಾಗದದ ಮೇಲೇ ಇಟ್ಟು ಅಂಚು ಎಳೆದುಬಿಡಿ. ಇದರಲ್ಲಿ ನಾಚಿಕೆ ಏನಿಲ್ಲ. ಹಿಂಬದಿಗೆ 4ಬಿ ಪೆನ್ಸಿಲ್ ಉಜ್ಜಿ ಹಲಗೆಗೆ ಇಳಿಸಿ. ಬ್ಯಾಂಕಿನ ನೀಲಿ ಕಾರ್ಬನ್ ಬೇಡ, ಅದು ಅಳಿಸುವುದಿಲ್ಲ, ಬಿಳಿ ಬಣ್ಣದಡಿಯಿಂದ ಮೇಲೆ ಬರುತ್ತದೆ. ವಸ್ತುವಿನ ಅಂಚಿನ ಜೊತೆ ನೆರಳಿನ ಅಂಚನ್ನೂ ಇಳಿಸಿಕೊಳ್ಳಿ.

ಬಣ್ಣ ಹಚ್ಚುವುದು

ಹಿಂದಿನಿಂದ ಮುಂದಕ್ಕೆ ಬನ್ನಿ. ಮೊದಲು ಮರ. ಪೂರ್ತಿ ಹಲಗೆಗೆ ಓಕರ್ ಮತ್ತು ಬಿಳಿಯ ಒಂದು ತೆಳು ಬಣ್ಣ, ಒಣಗಿದ ಮೇಲೆ ಅಂಬರ್ ಮತ್ತು ಸಿಯೆನ್ನ ಬೆರೆಸಿ, ಬ್ರಷ್ಷನ್ನು ಬಟ್ಟೆಯಲ್ಲಿ ಒರೆಸಿ, ಬಹುತೇಕ ಒಣ ಬ್ರಷ್ಷಿನಲ್ಲಿ ಮೇಲಿಂದ ಕೆಳಕ್ಕೆ ಎಳೆಯಿರಿ. ಮರದ ಎಳೆ ತಾನಾಗಿ ಬರುತ್ತದೆ. ಒಂದೆರಡು ಗಂಟು, ಒಂದು ಬಿರುಕು, ಹಳೆ ಮೊಳೆ ಕಿತ್ತ ಒಂದು ತೂತು. ಜಾಸ್ತಿ ಬೇಡ, ಮರವೇ ಮೆರೆದರೆ ಕಾಗದ ಕಾಣುವುದಿಲ್ಲ. ಹಲಗೆಯ ಪಕ್ಕದ ಅಂಚುಗಳಿಗೂ ಅದೇ ಮರದ ಬಣ್ಣ ಮುಂದುವರಿಸಿ.

ಆಮೇಲೆ ಕಾಗದಗಳಿಗೆ ಸಪಾಟು ಬಣ್ಣ. ಬಿಳಿ ಕಾಗದ ಅಂತ ಟ್ಯೂಬಿನ ಬಿಳಿ ಹಚ್ಚಬೇಡಿ. ನಿಜವಾದ ಕಾಗದದ ಪಕ್ಕ ಇಟ್ಟು ನೋಡಿ, ಅದು ಬೂದು, ಹಳದಿ, ನೀಲಿ ಏನೋ ಒಂದರ ಕಡೆ ವಾಲಿರುತ್ತದೆ. ಬಿಳಿಗೆ ಚೂರು ಓಕರ್, ಚೂರು ಅಂಬರ್ ಬೆರೆಸಿ. ಅಪ್ಪಟ ಬಿಳಿಯನ್ನು ಕೊನೆಯ ಎರಡು ಮೂರು ಹೊಳಪಿಗೆ ಮಾತ್ರ ಮೀಸಲಿಡಿ. ಅಕ್ರಿಲಿಕ್ ಒಣಗಿದಾಗ ಸ್ವಲ್ಪ ಕಪ್ಪಾಗುತ್ತದೆ, ಹಾಗಾಗಿ ಒಂದು ರಟ್ಟಿನ ತುಂಡಿಗೆ ಹಚ್ಚಿ ಒಣಗಿಸಿ ಹೋಲಿಸುವುದು ಒಳ್ಳೆಯದು. ಬೆರೆಸಿದ ಬಣ್ಣ ಉಳಿಯಲು ಟಿಫಿನ್ ಡಬ್ಬಿಯಲ್ಲಿ ಒದ್ದೆ ಟಿಶ್ಯೂ, ಅದರ ಮೇಲೆ ಬೇಕಿಂಗ್ ಪೇಪರ್ ಹಾಸಿ ಪ್ಯಾಲೆಟ್ ಮಾಡಿಕೊಳ್ಳಿ, ಮುಚ್ಚಳ ಹಾಕಿದರೆ ಮರುದಿನಕ್ಕೂ ಇರುತ್ತದೆ. ಕೆಲಸ ಮಾಡುವಾಗ ಫ್ಯಾನ್ ನಿಲ್ಲಿಸಿ. ಹೌದು, ಮೇ ತಿಂಗಳಲ್ಲೂ.

ಔಟ್‌ಲೈನ್ ಎಲ್ಲೂ ಉಳಿಯಬಾರದು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲೇ ಕಲಿಸಿದ ನಮ್ಮ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ರೇಖಾಚಿತ್ರ ನೋಡಿದವರಿಗೆ ಗೊತ್ತು, ಅಲ್ಲಿ ಗೆರೆಯೇ ಜೀವ, ಎರಡು ಗೆರೆಯಲ್ಲಿ ಒಬ್ಬಳು ಕುಣಿಯುತ್ತಾಳೆ. ಇಲ್ಲಿ ಅದಕ್ಕೆ ಪೂರ್ತಿ ಉಲ್ಟಾ. ಒಂದು ಗೆರೆ ಕಂಡರೂ ಕೆಲಸ ಕೆಟ್ಟಿತು. ಕಾಗದದ ಅಂಚು ಅಂದರೆ ಎರಡು ಬಣ್ಣ ಸೇರುವ ಜಾಗ. ಬೆಳಕು ಬರುವ ಕಡೆಯ ಅಂಚಿನಲ್ಲಿ ಕಾಗದದ ದಪ್ಪ ಕಾಣುವಂತೆ ಒಂದು ತೆಳುವಾದ ಬೆಳಕಿನ ಎಳೆ, ಆಚೆ ಕಡೆಯಲ್ಲಿ ನೆರಳು. ಮಡಿಕೆಯಾದರೆ ಒಂದು ಮಗ್ಗುಲು ಬೆಳಕು, ಇನ್ನೊಂದು ಮಗ್ಗುಲು ಮಬ್ಬು. ಹರಿದ ಅಂಚಿನಲ್ಲಿ ಒಳಗಿನ ಬಿಳಿ ನಾರು.

ಅಕ್ಷರಗಳ ವಿಷಯ. ಕನ್ನಡ ಅಕ್ಷರ ದುಂಡು, ಒತ್ತಕ್ಷರ ಕೆಳಗೆ ತೂಗುತ್ತದೆ, ಬ್ರಷ್ಷಿನಲ್ಲಿ ಸಣ್ಣದಾಗಿ ಬರೆಯುವುದು ನಿಜಕ್ಕೂ ಕಷ್ಟ. ದೊಡ್ಡ ತಲೆಬರಹವನ್ನು ಮಾತ್ರ ಟ್ರೇಸ್ ಮಾಡಿ ಸರಿಯಾಗಿ ಬರೆಯಿರಿ. ಕೆಳಗಿನ ಸಣ್ಣ ಅಕ್ಷರಗಳಿಗೆ ಸಾಲಿನ ಎತ್ತರ, ಪದಗಳ ನಡುವಿನ ಜಾಗ ಸರಿಯಿದ್ದರೆ ಸುರುಳಿ ಸುರುಳಿ ಗೀಚಿದರೂ ಕಣ್ಣು ಓದಿಕೊಂಡು ಹೋಗುತ್ತದೆ. ಅಚ್ಚಿನ ಶಾಯಿಯೂ ಕಪ್ಪಲ್ಲ, ಗಾಢ ಬೂದು. ಮಡಿಕೆ ಬಂದಲ್ಲಿ ಸಾಲು ಚೂರು ಮುರಿಯಲಿ. ನಿಮ್ಮ ಸಹಿಯನ್ನು ಮೂಲೆಯಲ್ಲಿ ಹಾಕಬೇಡಿ, ಮೋಸವೆಲ್ಲ ಅಲ್ಲೇ ಬಯಲಾಗುತ್ತದೆ. ಹಳಬರು ತಮ್ಮ ಹೆಸರನ್ನು ಚಿತ್ರದೊಳಗಿನ ಲಕೋಟೆಗೆ ವಿಳಾಸವಾಗಿ ಬರೆಯುತ್ತಿದ್ದರು. ನೀವೂ ಇನ್‌ಲ್ಯಾಂಡ್ ಲೆಟರ್ ಮೇಲೆ ಮನೆ ಹೆಸರು, ಡೊಂಬಿವಲಿ ಪೂರ್ವ ಅಂತ ಬರೆದುಕೊಳ್ಳಿ.

ಈಗ ನೆರಳು. ಇಲ್ಲಿ ನಿಧಾನ ಮಾಡಿ.

ನೆರಳು ಎಂದರೆ ಹೊಸ ಬಣ್ಣ ಅಲ್ಲ, ಅಡಿಯ ಬಣ್ಣವೇ ಬೆಳಕು ಕಳೆದುಕೊಂಡದ್ದು. ಅದರೊಳಗೆ ಮರದ ಎಳೆ ಕಾಣುತ್ತಲೇ ಇರಬೇಕು. ಆದ್ದರಿಂದ ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಅಂಬರ್ ಬೆರೆಸಿ ಕಪ್ಪಿಗೆ ಹತ್ತಿರದ ಬಣ್ಣ ಮಾಡಿ, ಅದನ್ನು ಮೀಡಿಯಂನಲ್ಲಿ ಬಹಳ ತೆಳು ಮಾಡಿ, ಪದರ ಪದರವಾಗಿ ಹಚ್ಚಿ. ಒಂದೇ ಸಲ ಗಾಢವಾಗಿ ಬಳಿದರೆ ಹಲಗೆಯಲ್ಲಿ ತೂತು ಬಿದ್ದ ಹಾಗೆ ಕಾಣುತ್ತದೆ. ನಾಲ್ಕೈದು ಪದರಕ್ಕೆ ಅದು ತಾನಾಗಿ ಇಳಿಯುತ್ತದೆ.

ಅಳತೆಗೆ ಒಂದು ಸುಲಭ ಲೆಕ್ಕ ಇದೆ. ಬೆಳಕು 45 ಡಿಗ್ರಿಯಲ್ಲಿ ಬಿದ್ದರೆ, ಹಲಗೆಯಿಂದ 1 ಸೆಂಟಿಮೀಟರ್ ಎದ್ದಿರುವ ಬೀಗದ ಕೈಯ ನೆರಳು 1 ಸೆಂಟಿಮೀಟರ್ ಆಚೆ ಸರಿಯುತ್ತದೆ. 2 ಮಿಲಿಮೀಟರ್ ಎದ್ದ ಮೂಲೆಗೆ 2 ಮಿಲಿಮೀಟರ್. ಅಂದರೆ ನೋಡುವವರು ವಸ್ತು ಎಷ್ಟು ಎದ್ದಿದೆ ಅಂತ ಓದಿಕೊಳ್ಳುವುದು ನೆರಳಿನ ಅಗಲದಿಂದ. ಅಗಲದ ಜೊತೆ ಅಂಚೂ ಬದಲಾಗುತ್ತದೆ. ಹಲಗೆಗೆ ತಾಗಿದಲ್ಲಿ ನೆರಳು ಕತ್ತಿಯಷ್ಟು ಚೂಪು, ಗಾಢ. ದೂರವಾದಷ್ಟೂ ಅಂಚು ಮೆತ್ತಗೆ, ಬಣ್ಣ ತಿಳಿ. ಕನ್ನಡಕದ ಒಂದು ಕಡ್ಡಿಯನ್ನು ನೋಡಿ, ಹಲಗೆಗೆ ತಾಗಿದ ತುದಿಯಲ್ಲಿ ಚೂಪಾಗಿ ಶುರುವಾದ ನೆರಳು ಕಡ್ಡಿ ಮೇಲೇಳುತ್ತಾ ಹೋದಂತೆ ಅಗಲವಾಗಿ ಮಸುಕಾಗುತ್ತದೆ. ಅಕ್ರಿಲಿಕ್‌ನಲ್ಲಿ ಈ ಮಸುಕಿಗೆ ಉಪಾಯ ಏನೆಂದರೆ, ಹಚ್ಚಿದ ಕೂಡಲೇ ಹೊರ ಅಂಚನ್ನು ಚೂರೇ ಒದ್ದೆಯಾದ ಇನ್ನೊಂದು ಬ್ರಷ್ಷಿನಿಂದ ಎಳೆದುಬಿಡುವುದು.

ಎಲ್ಲ ನೆರಳೂ ಒಂದೇ ದಿಕ್ಕಿಗೆ. ಹೇಳಲು ಸುಲಭ, ದಿನಗಟ್ಟಲೆ ಕೂತು ಮಾಡುವಾಗ ತಪ್ಪುತ್ತದೆ. ರಟ್ಟಿನ ಒಂದು ತುಂಡನ್ನು ನೆರಳು ಬೀಳುವ ಓರೆಗೆ ಕತ್ತರಿಸಿಟ್ಟುಕೊಳ್ಳಿ, ಪ್ರತಿ ನೆರಳಿಗೂ ಹಿಡಿದು ನೋಡಿ.

ಎಲ್ಲಕ್ಕಿಂತ ಕೆಲಸ ಮಾಡುವುದು ಒಂದು ಸಣ್ಣ ಮೆಟ್ಟಿಲು. ಬೀಗದ ಕೈಯ ನೆರಳು ಮರದ ಮೇಲೆ ಬಿದ್ದು, ಅಲ್ಲಿಂದ ಕಾಗದದ ಮೇಲೆ ಹತ್ತುತ್ತದೆ ಅಂದುಕೊಳ್ಳಿ. ಕಾಗದ ಮರಕ್ಕಿಂತ ಚೂರು ಮುಂದಿದೆ, ಹಾಗಾಗಿ ಅಂಚಿನಲ್ಲಿ ನೆರಳು ನೇರ ಹೋಗದೆ ಒಂದು ಕೂದಲಿನಷ್ಟು ಪಕ್ಕಕ್ಕೆ ಜಿಗಿಯುತ್ತದೆ. ಕಾಗದದ ಮೇಲೆ ಅದರ ಬಣ್ಣವೂ ಬೇರೆ. ಈ ಜಿಗಿತ ಬರೆದವರ ಚಿತ್ರಕ್ಕೂ ಬರೆಯದವರ ಚಿತ್ರಕ್ಕೂ ಅಜಗಜಾಂತರ. ಇದಕ್ಕಾಗಿಯೇ ಬೀಗದ ಕೈಯನ್ನು ಬೇಕಂತಲೇ ಕಾಗದದ ಅಂಚಿಗೆ ಹತ್ತಿರ ತೂಗುಹಾಕಿ.

ಲೋಹ ಅಂದುಕೊಂಡಷ್ಟು ಕಷ್ಟವಲ್ಲ. ಹಿತ್ತಾಳೆಗೆ ಓಕರ್, ಅಂಬರ್, ಚೂರು ಬಿಳಿ. ಕಣ್ಣು ಕಿರಿದು ಮಾಡಿ ನೋಡಿದರೆ ಗಾಢ ಮತ್ತು ಬೆಳಕು ಥಟ್ಟನೆ ಅಕ್ಕಪಕ್ಕ ಬರುವುದು ಕಾಣುತ್ತದೆ. ಅದನ್ನು ಮೆತ್ತಗೆ ಮಾಡಲು ಹೋದರೆ ಲೋಹ ಹೋಗಿ ಬೆಲ್ಲ ಆಗುತ್ತದೆ. ಕೊನೆಗೆ ಮೊಳೆಯ ತಲೆಗೆ, ಬೀಗದ ಕೈಯ ಉಂಗುರಕ್ಕೆ ಅಪ್ಪಟ ಬಿಳಿಯ ಒಂದೊಂದು ಚುಕ್ಕೆ.

ಹಳದಿಯಾದ ಸೆಲ್ಲೊಟೇಪಿನ ಒಂದು ತುಂಡು ಸೇರಿಸಿ. ಓಕರಿನ ತೀರಾ ತೆಳು ಪದರ, ಎರಡು ತುದಿಗೆ ಗರಗಸದ ಹಲ್ಲು, ಮೇಲೊಂದು ಮಸುಕು ಹೊಳಪು. ಹತ್ತು ನಿಮಿಷದ ಕೆಲಸ, ಜನ ಉಗುರು ಹಾಕಿ ಕೀಳಲು ನೋಡುವುದು ಇದನ್ನೇ.

ಪರೀಕ್ಷೆ, ವಾರ್ನಿಶ್, ಗೋಡೆ

ಎರಡು ಮೀಟರ್ ದೂರದಿಂದ ಒಂದು ಕಣ್ಣು ಮುಚ್ಚಿ ನೋಡಿ. ಒಂದು ಕಣ್ಣಿಗೂ ಚಪ್ಪಟೆ ಕಂಡರೆ ನೆರಳು ಸಾಲದು. ಫೋನಿನಲ್ಲಿ ಎರಡೂ ಹಲಗೆಗಳ ಕಪ್ಪು ಬಿಳುಪು ಫೋಟೊ ತೆಗೆದರೆ ಯಾವುದು ಜಾಸ್ತಿ ಬೆಳ್ಳಗಾಗಿದೆ ಅಂತ ಕೂಡಲೇ ಗೊತ್ತಾಗುತ್ತದೆ, ಸಾಮಾನ್ಯವಾಗಿ ಕಾಗದ ಜಾಸ್ತಿ ಬೆಳ್ಳಗಾಗಿರುತ್ತದೆ. ಮನೆಯವರನ್ನು ಕೇಳಬೇಡಿ, ಅವರಿಗೆ ಗೊತ್ತಿರುತ್ತದೆ. ಕೊರಿಯರ್‌ನವನು ಬಂದಾಗ ಸುಮ್ನೆ ನಿಂತು ಅವನ ಕಣ್ಣು ಎಲ್ಲಿ ಹೋಗುತ್ತದೆ ನೋಡಿ. ಹಾರ್ನೆಟ್ 1886ರಲ್ಲಿ ಬರೆದ, ಹಸಿರು ಬಾಗಿಲಿಗೆ ತೂಗುಹಾಕಿದ ಪಿಟೀಲಿನ ಚಿತ್ರವನ್ನು ಸಿನ್ಸಿನಾಟಿಯಲ್ಲಿ ಪ್ರದರ್ಶನಕ್ಕಿಟ್ಟಾಗ ಜನ ಮುಟ್ಟದಂತೆ ಪಕ್ಕದಲ್ಲಿ ಪೊಲೀಸರನ್ನೇ ನಿಲ್ಲಿಸಿದ್ದರಂತೆ. ಅದು ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ, ಇಂಟರ್‌ನೆಟ್‌ನಲ್ಲಿ ದೊಡ್ಡದು ಮಾಡಿ ಅದರ ನೆರಳುಗಳನ್ನು ನೋಡಿ.

ವಾರ್ನಿಶ್ ಮ್ಯಾಟ್ ಇರಲಿ. ಗ್ಲಾಸಿ ಹಚ್ಚಿದರೆ ಇಡೀ ಹಲಗೆ ಒಂದೇ ಹಾಳೆಯಾಗಿ ಹೊಳೆದು ಎಲ್ಲ ಬಯಲಾಗುತ್ತದೆ. ಮ್ಯಾಟ್ ಒಣಗಿದ ಮೇಲೆ ಬೀಗದ ಕೈಗೆ, ಕನ್ನಡಕದ ಗಾಜಿಗೆ, ಸೆಲ್ಲೊಟೇಪಿಗೆ ಮಾತ್ರ ಸಣ್ಣ ಬ್ರಷ್ಷಿನಲ್ಲಿ ಗ್ಲಾಸ್ ವಾರ್ನಿಶ್ ಮುಟ್ಟಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರ್ನಿಶ್ ಕೆಲಸ ಬೇಡ, ಗಾಳಿಯ ಹಸಿಗೆ ಮಂಜು ಕವಿದ ಹಾಗೆ ಬೆಳ್ಳಗಾಗಬಹುದು. ನವೆಂಬರಿನ ಒಣ ಮಧ್ಯಾಹ್ನಕ್ಕೆ ಕಾಯಿರಿ.

ಫ್ರೇಮ್ ಹಾಕಿಸಬೇಡಿ, ಗಾಜು ಅಂತೂ ಬೇಡವೇ ಬೇಡ. ಹಲಗೆಯ ನಡುಭಾಗ ನಿಂತವರ ಕಣ್ಣಿನ ಎತ್ತರಕ್ಕೆ ಬರಲಿ, ಕೆಳಗೆ ಅಥವಾ ಮೇಲೆ ಹೋದಷ್ಟೂ ಮೊಳೆ ಮತ್ತು ಕಾಗದದ ಅಂಚು ಸುಳ್ಳಾಗುತ್ತವೆ. ಹಿಂದೆ ನಾಲ್ಕು ಮೂಲೆಗೆ ಸಣ್ಣ ರಬ್ಬರ್ ಬಿಲ್ಲೆ ಅಂಟಿಸಿದರೆ ಗಾಳಿ ಆಡುತ್ತದೆ, ಬೂಷ್ಟು ಹಿಡಿಯುವುದಿಲ್ಲ. ಮಳೆ ಹೊಡೆಯುವ ಹೊರಗೋಡೆಯ ಒಳಮೈಗೆ ಹಾಕುವುದಾದರೆ ಮಳೆಗಾಲದಲ್ಲಿ ತೆಗೆದು ಕಪಾಟಿನ ಮೇಲೆ ಇಡಿ. ಧೂಳಿಗೆ ಒಣ ಬಟ್ಟೆ ಸಾಕು, ಫಿನಾಯಿಲ್ ನೀರು ತಾಗಿಸಬೇಡಿ.